ಆಕ್ಸಿಕಾಂಟಿನ್‌ಗೆ ದಾರಿ ಮಾಡಿಕೊಟ್ಟ ಐದು ವಾಕ್ಯದ ಪತ್ರ

ಅಮೆರಿಕದ ಒಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ, ಚಟ ಹತ್ತಿಸಬಲ್ಲ ನೋವಿನ ಔಷಧಿ) ದುರಂತದ ಬೇರು ಹುಡುಕುತ್ತಾ ಹೋದರೆ 1980ರ ಒಂದು ಪುಟ್ಟ ಪತ್ರ ಸಿಗುತ್ತದೆ. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ಪತ್ರದಲ್ಲಿ ಇದ್ದದ್ದು ಐದೇ ವಾಕ್ಯ. ಆಸ್ಪತ್ರೆಯಲ್ಲಿ ಇಂಥ ಔಷಧಿ ಪಡೆದ 11,882 ರೋಗಿಗಳಲ್ಲಿ, ಮೊದಲು ಚಟವಿಲ್ಲದ ನಾಲ್ವರಿಗೆ ಮಾತ್ರ ಅದು ಅಂಟಿಕೊಂಡಿತು ಎಂದು ಅದರಲ್ಲಿತ್ತು.

ಅವರೆಲ್ಲ ಆಸ್ಪತ್ರೆಗೆ ದಾಖಲಾಗಿದ್ದವರು ಎಂಬುದೇ ಇಲ್ಲಿ ಮುಖ್ಯ. ಮನೆಯಲ್ಲಿ ಕೂತು ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಪತ್ರ ಏನೂ ಹೇಳಿರಲಿಲ್ಲ. ಆದರೂ "ಚಟ ಹತ್ತುವುದು ಅಪರೂಪ" ಎಂಬ ಮಾತಿಗೆ ಅದೇ ಆಧಾರವಾಯಿತು. 2017ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ 608 ಲೇಖನಗಳು ಅದನ್ನು ಉಲ್ಲೇಖಿಸಿದ್ದವು. ಅವರು ಆಸ್ಪತ್ರೆಯಲ್ಲಿದ್ದ ರೋಗಿಗಳು ಅನ್ನುವುದನ್ನೇ ಸುಮಾರು 80% ಲೇಖನಗಳು ಬಿಟ್ಟಿದ್ದವು. ಇಷ್ಟು ದೊಡ್ಡ ವಿಷಯದಲ್ಲಿ ಮೂಲವನ್ನು ಓದದೆ ಬರೆಯುವುದು ಅಕ್ಷಮ್ಯ.

1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಔಷಧಿ ಕಂಪನಿ ಆಕ್ಸಿಕಾಂಟಿನ್ ಎಂಬ ಒಪಿಯಾಯ್ಡ್ ನೋವಿನ ಮಾತ್ರೆ ತಂದಿತು. 12 ಗಂಟೆ ನಿಧಾನವಾಗಿ ಕರಗುವ ಮಾತ್ರೆ. ಹೀಗೆ ಕರಗುವುದರಿಂದ ದುರ್ಬಳಕೆ ಕಡಿಮೆಯಾಗುತ್ತದೆ ಎಂದು ನಂಬಲಾಗಿದೆ ಅಂತ ಲೇಬಲ್‌ನಲ್ಲೇ ಇತ್ತು. ನಂಬಿಕೆ ಅಷ್ಟೇ, ಪುರಾವೆ ಇರಲಿಲ್ಲ. ಮಾತ್ರೆ ಪುಡಿ ಮಾಡಿದರೆ 12 ಗಂಟೆಯ ಔಷಧಿ ಒಂದೇ ಸಲಕ್ಕೆ ಮೈಗೆ ಸೇರುತ್ತಿತ್ತು. ಕೆಂಟಕಿ, ವೆಸ್ಟ್ ವರ್ಜೀನಿಯಾದ ಗಣಿ ಊರುಗಳು ಮೊದಲು ನಲುಗಿದವು. 2007ರಲ್ಲಿ ಪರ್ಡ್ಯೂ ಸಮೂಹದ ಒಂದು ಕಂಪನಿ, ಚಟದ ಅಪಾಯದ ಬಗ್ಗೆ ದಾರಿತಪ್ಪಿಸಿದ ತಪ್ಪು ಒಪ್ಪಿಕೊಂಡು ಸುಮಾರು 60 ಕೋಟಿ ಡಾಲರ್ ಕಟ್ಟಲು ಒಪ್ಪಿತು. 2010ರಲ್ಲಿ ಸುಲಭವಾಗಿ ಪುಡಿಯಾಗದ ಮಾತ್ರೆ ಬಂತು. ಅಷ್ಟರಲ್ಲಿ ಅವಲಂಬಿತರಾಗಿದ್ದ ಎಷ್ಟೋ ಜನ ಹೆರಾಯಿನ್ ಕಡೆಗೆ, ಆಮೇಲೆ ಇನ್ನೂ ಪ್ರಬಲ ಒಪಿಯಾಯ್ಡ್ ಆದ ಫೆಂಟಾನಿಲ್ ಕಡೆಗೆ ಹೋದರು. 2021ರ ಒಂದೇ ವರ್ಷದಲ್ಲಿ ಎಲ್ಲ ಬಗೆಯ ಡ್ರಗ್ಸ್ ಓವರ್‌ಡೋಸ್‌ನಿಂದ ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಹೆಚ್ಚಿನವು ಒಪಿಯಾಯ್ಡ್ ಸಾವುಗಳು.

ಸಾವು ಬರುವುದು ಉಸಿರಿನ ದಾರಿಯಲ್ಲಿ. ಉಸಿರಾಟ ನಡೆಸುವ ಮೆದುಳಿನ ಭಾಗವನ್ನು ಒಪಿಯಾಯ್ಡ್ ಮಂಕಾಗಿಸುತ್ತದೆ. ಮದ್ಯ ಅಥವಾ ನಿದ್ದೆ ಮಾತ್ರೆ ಜೊತೆ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಕೆಲವು ವಾರ ಬಿಟ್ಟು ಮತ್ತೆ ಹಳೇ ಡೋಸು ತಗೊಂಡರೂ ಅಷ್ಟೇ ಅಪಾಯ, ಯಾಕೆಂದರೆ ದೇಹದ ತಾಳಿಕೆ ಇಳಿದಿರುತ್ತದೆ.

ಭಾರತದಲ್ಲಿ ಕಥೆ ಬೇರೆ. ಒಪಿಯಾಯ್ಡ್ ಬಗೆಯ ನೋವಿನ ಮಾತ್ರೆ ಟ್ರಮಡಾಲ್ ಅನ್ನು ಮಾದಕ ವಸ್ತು ಕಾನೂನಿನ ಕೆಳಗೆ ತಂದಿದ್ದು 2018ರಲ್ಲಿ. ಆದರೆ ಅದೇ 1985ರ ಕಾನೂನಿನ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೆ ತೀವ್ರ ನೋವು ತಗ್ಗಿಸುವ ಒಪಿಯಾಯ್ಡ್ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ಬಿಗಿ ಸಡಿಲಿಸಲು ಬಂತು.