ಕೈಹೊಲಿಗೆಯೋ, ಮೆಷಿನ್ನೋ? ತಿರುಗಿಸಿ ನೋಡಿ

ಪ್ರಶ್ನೆ: ಮಡಿಕೇರಿಯ ಒಂದು ಮೇಳದಲ್ಲಿ ಕಸೂತಿ ಸೀರೆ, ಜಪಾನಿನ ಸಾಶಿಕೋ ಹೊಲಿಗೆಯ ಚೀಲ ನೋಡಿದೆ. ಎರಡೂ ಕೈಹೊಲಿಗೆ ಅಂದರು. ಸೀರೆಯ ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ಮೆಷಿನ್‌ದೇ ಇರಬೇಕು ಅನಿಸಿತು. ಗುರುತಿಸುವುದು ಹೇಗೆ?

ಉತ್ತರ: ನೇರವಾಗಿದೆ ಅಂತ ಅನುಮಾನ ಪಡಬೇಡಿ. ಧಾರವಾಡ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಎಣಿಕೆ ತಪ್ಪದಿದ್ದರೆ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಅಚ್ಚು ಹೊಡೆದ ಹಾಗೆ ಬರುತ್ತವೆ. ಸೊಟ್ಟ ಹೊಲಿಗೆ ಕಂಡರೆ ‘ಆಹಾ, ಕೈಕೆಲಸ’ ಅಂತ ಜಾಸ್ತಿ ದುಡ್ಡು ಕೊಡುವವರೂ ಇದ್ದಾರೆ. ನನ್ನ ಪ್ರಕಾರ ಅದು ಸುಮ್ನೆ ಸೊಟ್ಟ ಹೊಲಿಗೆ, ಅಷ್ಟೇ.

ಸೆರಗು ತಿರುಗಿಸಿ ನೋಡಿ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿ ಎರಡೂ ಬದಿ ಒಂದೇ ಚಿತ್ರ. ಮೆಟ್ಟಿಲಿನಂತೆ ಏರುವ ಮುರ್ಗಿಯೂ ಹೀಗೇ. ಗಂಟು ಹಾಕುವುದಿಲ್ಲ. ಮೆಷಿನ್ ಕಸೂತಿಗಾದರೆ ಎರಡು ದಾರ ಬೇಕು. ಹಿಂಬದಿಯಲ್ಲಿ ಬಾಬಿನ್ ದಾರ, ಅಂದರೆ ಮೆಷಿನ್ನಿನ ಕೆಳಗಿನ ಉರುಳೆಯ ದಾರ ಕಾಣುತ್ತದೆ, ಅದು ಬಹಳ ಸಲ ಬಿಳಿ. ಹಾಳೆಯಂಥ ಅಸ್ತರಿನ ಚೂರು ಅಂಟಿಕೊಂಡಿದ್ದರಂತೂ ಕೇಳುವುದೇ ಬೇಡ. ಆದರೆ ನೇಯ್ದಂತೆ ಕಾಣುವ ನೇಗಿ, ಕತ್ತರಿ ಗುರುತಿನಂಥ ಮೆಂತಿಯಲ್ಲಿ ಎರಡು ಬದಿ ಒಂದೇ ಥರ ಇರುವುದಿಲ್ಲ. ಅದನ್ನು ನೋಡಿ ಸೀರೆ ಬಿಟ್ಟು ಬರಬೇಡಿ.

ಸಾಶಿಕೋ ಬೇರೆ ದಾರಿಯದು. ಉತ್ತರ ಜಪಾನಿನ ಚಳಿಗೆ ಹತ್ತಿ ಬೆಳೆಯುತ್ತಿರಲಿಲ್ಲ, ಬಟ್ಟೆ ದುಬಾರಿ. ಹಳೆಯದನ್ನೇ ಪದರ ಪದರವಾಗಿ ಇಟ್ಟು ಹೊಲಿದು ಬೆಚ್ಚಗೆ ಮಾಡಿಕೊಂಡರು. ನಮ್ಮ ಕೌದಿಯೂ ಹೀಗೇ ಅಲ್ವಾ? ಬಂಗಾಳದ ಕಾಂಥಾ ಹೊಲಿಗೆಯಲ್ಲಿ ದಾರವನ್ನೂ ಹಳೆ ಸೀರೆಯ ಅಂಚಿನಿಂದಲೇ ಬಿಡಿಸಿಕೊಳ್ಳುತ್ತಿದ್ದರು. ಸಾಶಿಕೋದಲ್ಲಿ ಮುಂದಿನ ಹೊಲಿಗೆ ಅಕ್ಕಿಕಾಳಿನಷ್ಟು, ಹಿಂದಿನದು ಅದಕ್ಕಿಂತ ತುಸು ಚಿಕ್ಕದು. ಗೆರೆಗಳು ಸೇರುವ ಕಡೆ ನಡುವೆ ಪುಟ್ಟ ಜಾಗ ಖಾಲಿ ಬಿಡುತ್ತಾರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗುವಾಗ ದಾರವನ್ನು ಹಿಂದೆ ಸಡಿಲ ಬಿಡುತ್ತಾರೆ, ಬಟ್ಟೆ ಸುಕ್ಕಾಗದಿರಲಿ ಅಂತ. ಅದು ಕೆಲಸಗಳ್ಳತನ ಅಲ್ಲ.

ಚೀಲದಲ್ಲಿ ತೊಂದರೆ ಏನೆಂದರೆ, ಒಳಗೆ ಅಸ್ತರು ಹಾಕಿ ಹಿಂಬದಿ ಮುಚ್ಚಿರುತ್ತಾರೆ. ಒಮ್ಮೆ ನಾನೂ ನೀಲಿ ಚೀಲವೊಂದನ್ನು ಕೊಂಡು ತಂದೆ. ಮನೆಯಲ್ಲಿ ಅಸ್ತರು ಬಿಚ್ಚಿದರೆ ಹಿಂದೆ ಏನೂ ಇಲ್ಲ! ಬಿಳಿ ಹೊಲಿಗೆ ಬರೀ ಪ್ರಿಂಟ್. ಅಂಗಡಿಯಲ್ಲೇ ಉಗುರು ಆಡಿಸಿದ್ದರೆ ಸಾಕಿತ್ತು, ನಿಜವಾದ ಹೊಲಿಗೆಯಾದರೆ ದಾರ ಕೈಗೆ ತಾಗುತ್ತದೆ.

ಕೊಂಡ ಮೇಲೆ ಇನ್ನೊಂದು ಮಾತು. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಷ್ಟು ಗ್ಯಾರಂಟಿ. ಹಳೆ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನೀಲಿ ಬಟ್ಟೆ ಬಣ್ಣ ಬಿಡಬಹುದು, ಮೊದಲೆರಡು ಸಲ ಬೇರೆಯಾಗಿ ಒಗೆಯಿರಿ. ಮಳೆ ಬಿಟ್ಟ ದಿನ ಜಗಲಿಯ ನೆರಳಲ್ಲಿ ಹರವಿ, ಹಿಂಬದಿ ಮೇಲೆ ಮಾಡಿ.