ಬೀದಿ ಬದಿಯ ಬ್ಯಾಟರಿ ಮೋವರ್: ಬಿಚ್ಚುವ ಮುಂಚೆ ಅಳೆಯಿರಿ

ಕ್ಯಾಲಿಫೋರ್ನಿಯಾದ ನಮ್ಮ ಬೀದಿಯಲ್ಲಿ ಕಸದ ಗಾಡಿ ಬರುವ ಹಿಂದಿನ ಸಂಜೆ ಒಂದು ಸುತ್ತು ಹೋದರೆ ಬರಿಗೈಯಲ್ಲಿ ಬರುವುದು ಕಮ್ಮಿ. ಮುಂಚೆ ಹುಲ್ಲು ಕತ್ತರಿಸುವ ಪೆಟ್ರೋಲ್ ಮೋವರ್‌ಗಳು ಸಿಗುತ್ತಿದ್ದವು, ಈಗ ಬ್ಯಾಟರಿಯವೇ ಜಾಸ್ತಿ. 2024ರ ಮಾಡೆಲ್‌ನಿಂದ ಹುಲ್ಲು ಕತ್ತರಿಸುವ ಹೊಸ ಯಂತ್ರಗಳು ಹೊಗೆ ಬಿಡುವಂತಿಲ್ಲ ಅಂತ ಇಲ್ಲಿ 2021ರಲ್ಲೇ ನಿಯಮ ಮಾಡಿದರು. ಮೊನ್ನೆ ನಾನು ತಳ್ಳಿಕೊಂಡು ಬಂದ ಮೋವರ್ ಮೇಲೆ ಚೀಟಿ ಅಂಟಿತ್ತು: ‘ಫ್ರೀ, ಕೆಲಸ ಮಾಡಲ್ಲ.’

ಕೆಟ್ಟಿದ್ದು ಯಂತ್ರವೋ ಬ್ಯಾಟರಿಯೋ? ಮೊದಲ ಪ್ರಶ್ನೆ ಇದೇ. ಸ್ಕ್ರೂಡ್ರೈವರ್ ಆಮೇಲೆ.

ಇಂಥ ಎಷ್ಟೋ ಮೋವರ್‌ಗಳಿಗೆ ಒಂದು ಪ್ಲಾಸ್ಟಿಕ್ ಕೀ ಇರುತ್ತದೆ. ಅದು ಕಳೆದುಹೋಗಿದ್ದರೆ ಎಂಥಾ ಹೊಸ ಬ್ಯಾಟರಿ ಹಾಕಿದರೂ ಬ್ಲೇಡ್ ಅಲ್ಲಾಡುವುದಿಲ್ಲ. ಎಷ್ಟು ಜನ ಬರೀ ಕೀ ಇಲ್ಲದ ಮೋವರ್ ಎಸೆದಿದ್ದಾರೋ! ಆಮೇಲೆ ಬ್ಯಾಟರಿ ಮತ್ತು ಕೀ ಎರಡನ್ನೂ ತೆಗೆದಿಟ್ಟು, ಯಂತ್ರವನ್ನು ಮಗುಚಿ, ಕೆಳಗೆ ಮೆತ್ತಿಕೊಂಡ ಹುಲ್ಲು ಕೆರೆಯಿರಿ. ಬ್ಲೇಡ್ ಸಿಕ್ಕಿಹಾಕಿಕೊಂಡರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಸರ್ಕ್ಯೂಟ್ ತಾನೇ ಆಫ್ ಮಾಡುತ್ತದೆ. ನನ್ನದರಲ್ಲಿ ಕೀ ಇತ್ತು, ಹುಲ್ಲೂ ಇರಲಿಲ್ಲ. ಪಕ್ಕದ ಮನೆಯವರ ಹತ್ತಿರ ಅದೇ ಕಂಪನಿಯ ಬ್ಯಾಟರಿ ಇತ್ತು. ಐದು ನಿಮಿಷಕ್ಕೆ ಕೇಳಿ ತಂದು ಹಾಕಿದೆ. ಗುಂಯ್ ಅಂತ ತಿರುಗಿತು. ಅಲ್ಲಿಗೆ ಯಂತ್ರದ ಮೇಲಿನ ಅನುಮಾನ ಮುಗಿಯಿತು.

ಈಗ ಸ್ವಲ್ಪ ಲೆಕ್ಕ. ಮೋವರ್ ಜೊತೆ ಸಿಕ್ಕ ಬ್ಯಾಟರಿ ಪ್ಯಾಕ್ ಮೇಲೆ 40 ವೋಲ್ಟ್ ಅಂತ ಬರೆದಿದೆ. ಒಳಗಿರುವುದು 18650 ಸೆಲ್‌ಗಳು, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಪೆನ್ಸಿಲ್ ಸೆಲ್‌ಗಿಂತ ಸ್ವಲ್ಪ ದೊಡ್ಡವು. ಇಂಥ ಒಂದು ಲಿಥಿಯಂ ಸೆಲ್‌ನದು ಸಾಮಾನ್ಯವಾಗಿ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಇದರಲ್ಲಿ ಎರಡೆರಡು ಸೆಲ್ ಪಕ್ಕಪಕ್ಕ (ಪ್ಯಾರಲಲ್) ಸೇರಿ ಒಂದು ಜೋಡಿ, ಜೋಡಿಯ ವೋಲ್ಟ್ ಒಂದು ಸೆಲ್‌ನಷ್ಟೇ. ಅಂಥ ಹತ್ತು ಜೋಡಿ ಸಾಲಾಗಿ ಕೂತಿದ್ದರೆ 36, ತುಂಬಿದಾಗ 42. ಲೇಬಲ್‌ನವರು ನಡುವೆ ಒಂದು ದುಂಡು ಸಂಖ್ಯೆ ಹಾಕಿಕೊಂಡಿದ್ದಾರೆ. ಅಂಗಡಿಯ ‘20 ವೋಲ್ಟ್’ ಡ್ರಿಲ್ ಕೂಡ ಐದು ಸೆಲ್ ಸಾಲಿನ 18 ವೋಲ್ಟೇ.

ಪ್ಯಾಕ್ ಬಿಚ್ಚುವಾಗ ಉಂಗುರ, ಬಳೆ, ವಾಚ್ ತೆಗೆದಿಡಿ. ಹೋದ ವರ್ಷ ನನ್ನ ಸ್ಕ್ರೂಡ್ರೈವರ್ ಸೆಲ್‌ಗಳನ್ನು ಜೋಡಿಸುವ ಎರಡು ನಿಕಲ್ ಪಟ್ಟಿಗೆ ಒಟ್ಟಿಗೆ ತಾಗಿ ‘ಚಟ್’ ಅಂತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಳ್ಳ ಬಿದ್ದಿದೆ. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ, ಬುದ್ಧಿ ಇರಲಿ ಅಂತ.

ಮಲ್ಟಿಮೀಟರ್ ಇಟ್ಟೆ. ಸಾಲಿನ ಎರಡು ಕೊನೆಗಳ ನಡುವೆ 31.6. ಹತ್ತರಿಂದ ಭಾಗಿಸಿದರೆ ಜೋಡಿಗೆ 3.16 ಬರುತ್ತದೆ. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಇಲ್ಲೇ ಮೋಸ ಹೋಗುವುದು. ಒಂದೊಂದೇ ಜೋಡಿ ಅಳೆದೆ: 3.42, 3.41, 3.42... ಏಳನೆಯದಕ್ಕೆ ಮುಳ್ಳು ಇಟ್ಟಾಗ 0.87. ಉಳಿದ ಒಂಬತ್ತೂ 3.42ರ ಆಸುಪಾಸು. ಒಳಗಿನ ಬಿಎಂಎಸ್ ಬೋರ್ಡ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಸರಾಸರಿ ನೋಡುವುದಿಲ್ಲ, ಪ್ರತಿ ಜೋಡಿಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಒಂದು ಸುಮಾರು 2.5ಕ್ಕಿಂತ ಕೆಳಗೆ ಇಳಿದರೂ ಬಾಗಿಲು ಹಾಕಿಬಿಡುತ್ತದೆ. ಚಾರ್ಜರ್‌ನಲ್ಲಿ ಕೆಂಪು ದೀಪ ಮಿಣುಕುತ್ತದೆ, ಮಾಲೀಕರು ‘ಬ್ಯಾಟರಿ ಸತ್ತಿದೆ’ ಅಂತ ಚೀಟಿ ಬರೆಯುತ್ತಾರೆ. ಇಪ್ಪತ್ತರಲ್ಲಿ ಹದಿನೆಂಟು ಸೆಲ್ ಬದುಕಿರುತ್ತವೆ.

ಬಿಎಂಎಸ್ ತಪ್ಪಿಸಿ ಆ ಏಳನೇ ಜೋಡಿಗೆ ನೇರವಾಗಿ ಚಾರ್ಜ್ ಕೊಟ್ಟು ಎಬ್ಬಿಸುವವರಿದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ತುಂಬಾ ದಿನ ಅಷ್ಟು ಕೆಳಗಿದ್ದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗಲು ಶುರುವಾಗಿರುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಇವತ್ತು ಕೆಲಸ ಮಾಡೀತು, ನಾಳೆ ಶೆಡ್‌ನಲ್ಲಿ ಬೆಂಕಿ ಹತ್ತೀತು. ಹಳೇ ಒಂಬತ್ತು ಜೋಡಿ ಜೊತೆ ಒಂದು ಹೊಸ ಜೋಡಿ ಸೇರಿಸುವುದೂ ಸರಿ ಬರಲ್ಲ. ಹಳೆಯವು ಬೇಗ ಖಾಲಿಯಾಗುತ್ತವೆ, ಸಾಲು ಮತ್ತೆ ಏರುಪೇರು.

ಹಾಗಾಗಿ ಮೋವರ್‌ಗೆ ಬೇರೆ ಬ್ಯಾಟರಿ ಕೊಂಡೆ. ಹದಿನೆಂಟು ಸೆಲ್ ಬಿಡಿಸಿ, ಒಂದೊಂದನ್ನೂ 4.2ಕ್ಕೆ ಚಾರ್ಜ್ ಮಾಡಿ, ಒಂದು ವಾರ ಸುಮ್ನೆ ಬಿಟ್ಟೆ. ಹದಿನಾರು 4.15ಕ್ಕಿಂತ ಮೇಲೇ ನಿಂತವು. ಎರಡು 3.9ಕ್ಕೆ ಜಾರಿದವು, ಅವು ಹೊರಗೆ. ಒಳ್ಳೆಯವು ಕ್ಯಾಂಪಿಂಗ್ ದೀಪಕ್ಕೆ ಹೋಗುತ್ತವೆ. ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿ ತಡೆಯಲ್ಲ. ಕ್ಷಣದಲ್ಲಿ ಪಟ್ಟಿ ಅಂಟಿಸುವ ಸ್ಪಾಟ್ ವೆಲ್ಡರ್ ಇಲ್ಲದಿದ್ದರೆ ಸೆಲ್ ಕೂರಿಸುವ ಹೋಲ್ಡರ್ ಸಾಕು. ಕೆಟ್ಟ ನಾಲ್ಕರ ತುದಿಗೆ ಟೇಪ್ ಸುತ್ತಿ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟೆ. ಇಲ್ಲಿ ಬ್ಯಾಟರಿಯನ್ನು ಮನೆ ಕಸದ ಡಬ್ಬಕ್ಕೆ ಹಾಕುವಂತಿಲ್ಲ.

ಇದನ್ನು ಬರೆಯುತ್ತಿರುವಾಗಲೇ ತೀರ್ಥಹಳ್ಳಿಯಿಂದ ಅಣ್ಣನ ಫೋನ್. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ನಿಂತಿದೆ, ಗುಜರಿಗೆ ಹಾಕಲಾ ಅಂತ. ಅದರೊಳಗೆ 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ, ತಲಾ 2.1 ವೋಲ್ಟ್‌ನ ಆರು ಸೆಲ್. ರಾತ್ರಿಯಿಡೀ ಚಾರ್ಜ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಅಳೆದರೆ 12.7 ಇರಬೇಕು. ಅಣ್ಣನ ಮೀಟರ್ 10.5 ತೋರಿಸಿತು. ಆರರಲ್ಲಿ ಒಂದು ಹೋಗಿದೆ.

“ಹಂಗಾದ್ರೆ ಪಂಪು?”

“ಬೈಕಿನ ಬ್ಯಾಟರಿ ತಾಗಿಸಿ ನೋಡಣ್ಣ.”

ಹತ್ತು ನಿಮಿಷಕ್ಕೆ ವಿಡಿಯೋ ಬಂತು. ಅಂಗಳದ ತುಂಬಾ ನೀರು, ಅತ್ತಿಗೆ ಹಿಂದಿನಿಂದ ಬೈಯುತ್ತಿದ್ದರು.