ಬೆಳವಣಿಗೆ ಹಾರ್ಮೋನ್: ಗೇಟು, ಕಾಲುವೆ, ತೂಬು

ಬೆಳವಣಿಗೆ ಹಾರ್ಮೋನ್ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಾವು ಬಹಳ ಜನ "ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಹಾರ್ಮೋನ್ ಬಿಡುತ್ತದೆ, ಮೂಳೆ ಬೆಳೆಯುತ್ತದೆ" ಅಂತ ಬರೆದು ಮುಗಿಸುತ್ತೇವೆ. ನಡುವೆ ಲಿವರ್ ಇದೆ. ಅದನ್ನು ಬಿಟ್ಟರೆ ಅರ್ಧ ಪಾಠವೇ ಹೋಯಿತು.

ನನಗೆ ಇದು ತಲೆಗೆ ಹತ್ತಿದ್ದು ನಮ್ಮ ಗಂಗಾವತಿ ಕಡೆಯ ಎಡದಂಡೆ ಕಾಲುವೆಯಿಂದ. ಡ್ಯಾಮಿನ ಗೇಟು ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಮೆದುಳಿನಲ್ಲಿ ಪಿಟ್ಯುಟರಿಯ ಮೇಲೆ ಕೂತ ಹೈಪೋಥಾಲಮಸ್ ಮಾಡುವುದೂ ಇದನ್ನೇ: ಅದು ಬಿಡುವ ಜಿಎಚ್‌ಆರ್‌ಎಚ್ ಗೇಟು ಎತ್ತುತ್ತದೆ, ಸೊಮಾಟೊಸ್ಟಾಟಿನ್ ಇಳಿಸುತ್ತದೆ. ಹಾಗಾಗಿ ಹಾರ್ಮೋನ್ ದಿನವಿಡೀ ಒಂದೇ ಸಮ ಹರಿಯುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ, ದೊಡ್ಡ ಅಲೆ ಏಳುವುದು ರಾತ್ರಿ ಮಲಗಿದ ಮೇಲಿನ ಮೊದಲ ಗಾಢ ನಿದ್ದೆಯಲ್ಲಿ. ಹಗಲು ಸುಮ್ನೆ ಯಾವಾಗಲೋ ರಕ್ತ ತೆಗೆದು ನೋಡಿದರೆ ಆರೋಗ್ಯವಂತರಲ್ಲೂ ಹಾರ್ಮೋನ್ ಕಾಣದೇ ಹೋಗಬಹುದು. ಅದಕ್ಕೇ ವೈದ್ಯರು ಐಜಿಎಫ್-1 ನೋಡುತ್ತಾರೆ, ಅದು ದಿನವಿಡೀ ಹೆಚ್ಚು ಏರಿಳಿಯುವುದಿಲ್ಲ.

ಐಜಿಎಫ್-1 ಅಂದರೇನು? 191 ಅಮೈನೋ ಆಮ್ಲಗಳ ಬೆಳವಣಿಗೆ ಹಾರ್ಮೋನ್ ಲಿವರ್ ಕೋಶದ ರಿಸೆಪ್ಟರ್‌ಗೆ ಅಂಟಿಕೊಂಡಾಗ, ಒಳಗೆ ಜಾಕ್2, ಸ್ಟಾಟ್5 ಎಂಬ ಪ್ರೊಟೀನ್‌ಗಳು ಸುದ್ದಿಯನ್ನು ಕೋಶಕೇಂದ್ರದವರೆಗೆ ಮುಟ್ಟಿಸುತ್ತವೆ, ಆಗ ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಪ್ರೊಟೀನೇ ಐಜಿಎಫ್-1. ಮಕ್ಕಳ ಉದ್ದ ಮೂಳೆಗಳ ತುದಿಯ ಗ್ರೋತ್ ಪ್ಲೇಟ್‌ನಲ್ಲಿ ಮೃದ್ವಸ್ಥಿ ಕೋಶಗಳು ಜಾಸ್ತಿಯಾಗಲು ಇದು ಬೇಕೇ ಬೇಕು. ಹಾರ್ಮೋನ್ ಅಲ್ಲಿ ನೇರವಾಗಿಯೂ ಕೆಲಸ ಮಾಡುತ್ತದೆ, ಇದನ್ನೂ ಒಂದು ಸಾಲು ಬರೆಯಿರಿ. ಐಜಿಎಫ್-1 ಹೆಚ್ಚಾದರೆ ಅದೇ ಹೋಗಿ ಗೇಟು ಇಳಿಸುತ್ತದೆ.

ಪಿಟ್ಯುಟರಿಯಲ್ಲಿ ಗೆಡ್ಡೆಯಾಗಿ ಹಾರ್ಮೋನ್ ಅತಿಯಾದರೆ? ಗ್ರೋತ್ ಪ್ಲೇಟ್ ಮುಚ್ಚುವ ಮೊದಲಾದರೆ ವಿಪರೀತ ಎತ್ತರ. ಮುಚ್ಚಿದ ಮೇಲಾದರೆ ಕೈ, ಪಾದ, ದವಡೆ ದಪ್ಪವಾಗುವ ಅಕ್ರೋಮೆಗಾಲಿ.

ಇನ್ನು ನನ್ನನ್ನು ಬಹಳ ಕಾಡಿದ ಭಾಗ. ಊಟವಿಲ್ಲದಾಗ ಈ ಹಾರ್ಮೋನ್ ಏರುತ್ತದೆ, ಕೊಬ್ಬು ಕರಗಿಸಿ ರಕ್ತದ ಸಕ್ಕರೆ ಉಳಿಸುತ್ತದೆ. ಹಾಗಾದರೆ ಹೊಟ್ಟೆಗಿಲ್ಲದ ಮಗು ಜಾಸ್ತಿ ಬೆಳೆಯಬೇಕಲ್ವಾ? ಬೆಳೆಯುವುದಿಲ್ಲ. ಪೌಷ್ಟಿಕಾಂಶ ಸಾಲದಿದ್ದರೆ ಲಿವರ್ ಹಾರ್ಮೋನಿನ ಮಾತು ಕೇಳುವುದನ್ನೇ ಬಿಡುತ್ತದೆ, ಐಜಿಎಫ್-1 ಕುಸಿಯುತ್ತದೆ. ಕಾಲುವೆ ತುಂಬ ನೀರು, ಹೊಲದ ತೂಬು ಮಾತ್ರ ಮುಚ್ಚಿದೆ. ಅಂಗನವಾಡಿಯಲ್ಲಿ ವಯಸ್ಸಿಗಿಂತ ಗಿಡ್ಡಗಿರುವ ಮಗುವನ್ನು ಕಂಡಾಗ ಇದನ್ನು ನೆನೆಯಿರಿ. ಕೊರತೆ ಊಟದ್ದೇ ಆಗಿದ್ದರೆ ಆ ಮಗುವಿಗೆ ಬೇಕಾದದ್ದು ಹಾರ್ಮೋನ್ ಇಂಜೆಕ್ಷನ್ ಅಲ್ಲ, ಮೊಟ್ಟೆ, ಬೇಳೆ, ಹಾಲು. ಹೊಟ್ಟೆ ತುಂಬ ಉಣ್ಣತೊಡಗಿದರೆ ಐಜಿಎಫ್-1 ಮತ್ತೆ ಏರುತ್ತದೆ.